ಕಟ್ಟಿಹಾಕಿದವನ ಹೊಣೆ

ಒಂದು ಬೆಕ್ಕಿನ ಕಾರಣದಿಂದ ಸ್ತ್ರೀಯೊಬ್ಬಳು ನರಕ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸನ್ನು ಕೇಳದ ಮುಸ್ಲಿಮ್ ಮನೆ ಬಹುಶಃ ಇರಲಾರದು. ಮದ್ರಸದ ಪುಟ್ಟ ಮಕ್ಕಳಿಗೂ ಅದು ಗೊತ್ತು. ಆದರೆ ಆಕೆಯ ಅಪರಾಧ ಯಾವುದೆಂದು ಕೇಳಿ ನೋಡಿ. ‘ಬೆಕ್ಕಿಗೆ ಅನ್ನ ಹಾಕಲಿಲ್ಲ’ ಎಂದಷ್ಟೇ ಹೆಚ್ಚಿನವರು ಹೇಳುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿರುವ ಆ ಹದೀಸಿನಲ್ಲಿ ಮೊದಲು ಬರುವ ಸಂಗತಿ ಅದಲ್ಲ. ಆಕೆ ಬೆಕ್ಕನ್ನು ಕೂಡಿಹಾಕಿದ್ದಳು. ತಾನು ಉಣಿಸಲಿಲ್ಲ, ನೆಲದ ಮೇಲಿನ ಸಣ್ಣಪುಟ್ಟ ಜೀವಿಗಳನ್ನು ಹಿಡಿದು ತಿಂದು ಬದುಕಿಕೊಳ್ಳಲು ಅದನ್ನು ಹೊರಗೆ ಬಿಡಲೂ ಇಲ್ಲ. ಬೀದಿಯ ಬೆಕ್ಕು ಹಸಿದು ಸತ್ತರೆ ಆ ಬೀದಿಯ ಹೆಂಗಸರೆಲ್ಲ ನರಕಕ್ಕೆ ಹೋಗುತ್ತಾರೆಂದು ಇದರ ಅರ್ಥವಲ್ಲ. ಅಲ್ಲಾಹನು ಆ ಜೀವಿಗೆ ಕೊಟ್ಟಿದ್ದ ದಾರಿಯನ್ನು ಮುಚ್ಚಿದವಳು ಅವಳು. ಮುಚ್ಚಿದ ಮೇಲೆ ಆ ದಾರಿಯಲ್ಲಿ ಅದಕ್ಕೆ ಸಿಗುತ್ತಿದ್ದುದೆಲ್ಲವೂ ಅವಳ ಸಾಲವಾಯಿತು.

ಪ್ರಿಯ ಓದುಗರೇ, ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸಿ. ದಾರಿಯಲ್ಲಿ ಬೆಕ್ಕಿಗೆ ಸಿಗುತ್ತಿದ್ದುದು ಆಹಾರ ಮಾತ್ರವೇ? ಅಲ್ಲಾಹನು ಪ್ರತಿಯೊಂದು ಜೀವಿಗೂ ಒಂದು ಸ್ವಭಾವವನ್ನಿಟ್ಟು ಸೃಷ್ಟಿಸಿದ್ದಾನೆ. ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸೂರಃ ಅಲ್ ಅನ್‌ಆಮ್‌ನಲ್ಲಿ ಅವನು ತಿಳಿಸಿದ್ದಾನೆ. ಸಮುದಾಯವೆಂದ ಮೇಲೆ ಕೂಟವಿದೆ, ಸಂಬಂಧವಿದೆ, ದಿನವಿಡೀ ಮಾಡಬೇಕಾದ ಕೆಲಸವಿದೆ. ಅದರಿಂದ ಒಂದನ್ನು ಎತ್ತಿ ತಂದು ಹಗ್ಗ ಬಿಗಿದವನು ತಟ್ಟೆಗೆ ಅನ್ನ ಹಾಕಿದ ಮಾತ್ರಕ್ಕೆ ತನ್ನ ಸಾಲ ತೀರಿತೆಂದು ತಿಳಿಯುವುದು ದೊಡ್ಡ ಭ್ರಮೆ.

ತುಮಕೂರು, ಗುಬ್ಬಿ, ಕುಣಿಗಲ್‌ನ ಮನೆಗಳಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ನಮ್ಮ ನೆರೆಯ ಸಮುದಾಯವೆಂದರೆ ಕೋತಿಗಳು. ದೇವರಾಯನದುರ್ಗದ ಬೆಟ್ಟಕ್ಕೆ, ನಾಮದ ಚಿಲುಮೆಗೆ ರಜಾದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಕುಟುಂಬಗಳನ್ನು ಮೊದಲು ಸ್ವಾಗತಿಸುವುದು ಅವೇ. ಗುಬ್ಬಿ ಮತ್ತು ಕುಣಿಗಲ್ ಸೀಮೆಯ ತೆಂಗಿನ ತೋಟಗಳಲ್ಲಿ ಎಳನೀರು ಕೆಡಹುವ ಅವುಗಳಿಂದ ರೈತರಿಗೆ ನಷ್ಟವೂ ಇದೆ; ಅದನ್ನು ಅಲ್ಲಗಳೆಯಲಾಗದು. ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲು ಹರಡಿಕೊಂಡ, ಉದ್ದ ಬಾಲದ ಈ ಕೋತಿಯನ್ನು ತಜ್ಞರು ಬಾನೆಟ್ ಮಕಾಕ್ ಎನ್ನುತ್ತಾರೆ. ಲೋಕದಲ್ಲಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದರ ನೆಲೆಯಿಲ್ಲ. ನಮಗೆ ತೀರಾ ಮಾಮೂಲಿಯಾದ ಈ ಪ್ರಾಣಿಯನ್ನು ನೋಡಲು ಬೇರೆ ದೇಶದವರು ಇಲ್ಲಿಗೇ ಬರಬೇಕು.

ಇನ್ನು ಅದು ನಮ್ಮ ಮನೆಯೊಳಗೆ ಬರುವುದು ಹೇಗೆ? ಹೆಚ್ಚಾಗಿ ಕರುಣೆಯಿಂದಲೇ. ತಾಯಿ ವಿದ್ಯುತ್ ತಂತಿಗೆ ಸಿಲುಕಿಯೋ, ಹೆದ್ದಾರಿಯಲ್ಲಿ ಲಾರಿಯಡಿ ಸಿಕ್ಕಿಯೋ ಸಾಯುತ್ತದೆ. ಹೊಟ್ಟೆಗೆ ಕಚ್ಚಿಕೊಂಡಿದ್ದ ಮರಿ ಬದುಕುತ್ತದೆ. ಯಾರೋ ಎತ್ತಿ ತರುತ್ತಾರೆ. ಮಕ್ಕಳು ಹಾಲು ಕುಡಿಸುತ್ತಾರೆ, ಹೆಸರಿಡುತ್ತಾರೆ, ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತುತ್ತಾರೆ. ಎರಡು ವರ್ಷ ಎಲ್ಲರಿಗೂ ಸಂತೋಷ. ಅನಂತರ ಮರಿ ಬೆಳೆಯುತ್ತದೆ. ಗಂಡಾದರೆ ಕೋರೆಹಲ್ಲು ಬರುತ್ತದೆ, ಮನೆಯ ಹಸುಗೂಸಿನ ಮೇಲೆ ಎರಗುತ್ತದೆ, ಅತಿಥಿಯನ್ನು ಕಚ್ಚುತ್ತದೆ. ಆಗ ಸೊಂಟಕ್ಕೆ ಸರಪಳಿ ಬೀಳುತ್ತದೆ. ಹಿತ್ತಲ ಸೀಬೆ ಮರದ ಬುಡದಲ್ಲಿ ಎರಡು ಗಜದ ಸರಪಳಿಯೊಳಗೆ ಅದರ ಲೋಕ ಮುಗಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಈ ಪ್ರಾಣಿ ಬಂಧನದಲ್ಲಿ 30 ವರ್ಷದವರೆಗೂ ಬದುಕಬಲ್ಲದು. ಕರುಣೆಯಿಂದ ಆರಂಭವಾದದ್ದು ಇಷ್ಟು ದೀರ್ಘವಾದ ಜೈಲುವಾಸವಾಗಿ ಬದಲಾಗುತ್ತದೆ. ಯಾರೂ ಕ್ರೂರಿಗಳಲ್ಲ, ಆದರೂ ಹೀಗಾಗುತ್ತದೆ.

ಕೋತಿಯ ವಿಷಯದಲ್ಲಿ ನಮ್ಮವರ ಮನಸ್ಸಿನಲ್ಲಿ ಇನ್ನೊಂದು ಗಂಟೂ ಇದೆ. ಸಬ್ಬತ್ತಿನ ಆಜ್ಞೆಯನ್ನು ಮೀರಿದ ಜನರನ್ನು ಅಲ್ಲಾಹನು ಕಪಿಗಳಾಗಿಸಿದ ವೃತ್ತಾಂತ ಕುರ್‌ಆನ್‌ನಲ್ಲಿ ಬಂದಿದೆ. ಅದನ್ನು ಕೇಳಿ ಬೆಳೆದ ಕೆಲವರು ಈ ಕೋತಿಗಳೆಲ್ಲ ಆ ಶಾಪಗ್ರಸ್ತರ ಸಂತತಿಯೆಂದು ನಂಬಿ ಅವುಗಳಿಗೆ ಕಲ್ಲೆಸೆಯುವುದರಲ್ಲಿ ತಪ್ಪೇನೆಂದು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. ಪ್ರವಾದಿವರ್ಯರ(ಸ) ಮುಂದೆಯೇ ಅದು ಬಂದಿತ್ತು. ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಹದೀಸಿನ ಪ್ರಕಾರ, ರೂಪಾಂತರ ಹೊಂದಿದವರಿಗೆ ಅಲ್ಲಾಹನು ಸಂತತಿಯನ್ನು ಕೊಡಲಿಲ್ಲವೆಂದೂ, ಕಪಿಗಳು ಅದಕ್ಕಿಂತ ಮೊದಲೇ ಇದ್ದವೆಂದೂ ಪ್ರವಾದಿವರ್ಯರು(ಸ) ಸ್ಪಷ್ಟಪಡಿಸಿದರು. ಆದ್ದರಿಂದ ಹಿತ್ತಲಿನ ಕೋತಿ ಯಾರ ಪಾಪದ ಫಲವೂ ಅಲ್ಲ. ಅದು ಅಲ್ಲಾಹನ ನೇರ ಸೃಷ್ಟಿ. ಕಲ್ಲು ಹಿಡಿದ ಮಗನಿಗೆ ಈ ಹದೀಸನ್ನು ಹೇಳಿಕೊಡಿ. ಕಲ್ಲು ಕೆಳಗೆ ಬೀಳುವುದು ಮಾತ್ರವಲ್ಲ, ಧರ್ಮದ ಹೆಸರಿನಲ್ಲಿ ಕೇಳಿದ್ದನ್ನೆಲ್ಲ ನಂಬಬಾರದೆಂಬ ಪಾಠವೂ ಅವನಿಗಾಗುತ್ತದೆ.

ಆ ನೇರ ಸೃಷ್ಟಿಯ ಸ್ವಭಾವವೇನು? ಕಾಡಿನ ಕೋತಿ ಒಂಟಿಯಾಗಿ ಬಾಳುವುದಿಲ್ಲ. ಹಿಂಡಿನಲ್ಲಿ ಹುಟ್ಟಿ ಹಿಂಡಿನಲ್ಲಿ ಬದುಕುತ್ತದೆ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ತಾಯಿ, ಅಕ್ಕತಂಗಿಯರ ಜೊತೆ ಉಳಿಯುತ್ತವೆ. ಹಗಲಿನ ಬಹುಪಾಲು ಆಹಾರ ಹುಡುಕುವುದರಲ್ಲೇ ಕಳೆಯುತ್ತದೆ: ಚಿಗುರು, ಹಣ್ಣು, ಬೀಜ, ಕಲ್ಲಿನಡಿಯ ಹುಳು. ಸಿಕ್ಕಿದ್ದನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಆಮೇಲೆ ನಿಧಾನವಾಗಿ ಜಗಿಯುತ್ತದೆ. ಉಳಿದ ಹೊತ್ತು ಒಂದರ ಮೈಯನ್ನು ಇನ್ನೊಂದು ಬಿಡಿಸಿ ನೋಡುತ್ತಾ ಕೂರುತ್ತವೆ. ಹೇನು ಹೆಕ್ಕುತ್ತಿವೆಯೆಂದು ನಾವು ನಗುತ್ತೇವೆ. ಅವುಗಳ ಪಾಲಿಗೆ ಅದು ಸಲಾಮ್ ಇದ್ದಂತೆ. ಜಗಳ ತೀರುವುದೂ ಸ್ನೇಹ ಉಳಿಯುವುದೂ ಅದರಿಂದಲೇ.

ಸರಪಳಿಯ ಕೋತಿಗೆ ಇವುಗಳಲ್ಲಿ ಯಾವುದೂ ಇಲ್ಲ. ಬೆಳಗಿನ ಚಪಾತಿಯನ್ನು ಐದು ನಿಮಿಷದಲ್ಲಿ ತಿಂದು ಮುಗಿಸಿದ ಮೇಲೆ ಮಗ್ರಿಬ್‌ವರೆಗೆ ಅದು ಮಾಡಬೇಕಾದ್ದೇನು? ಅಂಥ ಪ್ರಾಣಿಯನ್ನು ನೀವು ನೋಡಿರಬಹುದು. ಒಂದೇ ಸಮನೆ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತದೆ. ಸರಪಳಿಯ ಉದ್ದಕ್ಕೆ ಅದೇ ಹೆಜ್ಜೆ, ಅದೇ ತಿರುವು. ತನ್ನ ರೋಮವನ್ನು ತಾನೇ ಕೀಳುತ್ತದೆ, ತನ್ನ ಕೈಯನ್ನು ತಾನೇ ಕಚ್ಚುತ್ತದೆ. ‘ಕುಣಿಯುತ್ತಿದೆ ನೋಡು’ ಎಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದು ಕುಣಿತವಲ್ಲ, ಬುದ್ಧಿ ಕೆಡುತ್ತಿರುವ ಲಕ್ಷಣ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ 1950ರ ದಶಕದಲ್ಲಿ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಪರೀಕ್ಷಿಸಿದರು. ಹಾಲಿನ ಬಾಟಲಿಯಿದ್ದ ತಂತಿಯ ಬೊಂಬೆ ಒಂದು, ಹಾಲಿಲ್ಲದ ಮೆತ್ತನೆ ಬಟ್ಟೆಯ ಬೊಂಬೆ ಇನ್ನೊಂದು. ಮರಿಗಳು ಹಾಲಿಗಷ್ಟೇ ತಂತಿಯ ಬಳಿ ಹೋಗಿ, ದಿನವೆಲ್ಲ ಬಟ್ಟೆಯ ಬೊಂಬೆಯನ್ನು ತಬ್ಬಿಕೊಂಡಿದ್ದವು. ಪೂರ್ತಿ ಒಂಟಿಯಾಗಿ ಬೆಳೆಸಿದ ಮರಿಗಳು ತೂಗಾಡುತ್ತಾ, ತಮ್ಮನ್ನೇ ಕಚ್ಚಿಕೊಳ್ಳುತ್ತಾ, ಆಮೇಲೆ ಹಿಂಡಿಗೆ ಸೇರಿಸಿದರೂ ಹೊಂದಿಕೊಳ್ಳಲಾರದೆ ಹೋದವು. ಇಂತಹ ಪ್ರಯೋಗ ನಮಗೆ ಒಪ್ಪಿಗೆಯಲ್ಲ. ಹೊಟ್ಟೆ ತುಂಬಿದರೆ ಸಾಲದೆಂದು ತಿಳಿಯಲು ಅಷ್ಟು ಮರಿಗಳನ್ನು ಅಳಿಸಬೇಕಾಗಿರಲಿಲ್ಲ. ಪ್ರಯಾಣವೊಂದರಲ್ಲಿ ಸಹಾಬಿಗಳು ಪುಟ್ಟ ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಅದನ್ನು ಕಂಡೊಡನೆ, ಮರಿಗಳಿಗಾಗಿ ಇದನ್ನು ಸಂಕಟಪಡಿಸಿದವರಾರೆಂದು ವಿಚಾರಿಸಿ, ಅವನ್ನು ಹಿಂದಿರುಗಿಸಲು ಆಜ್ಞಾಪಿಸಿದರೆಂದು ಅಬೂದಾವೂದ್‌ನಲ್ಲಿದೆ. ಆ ಮರಿಗಳು ಹಸಿದಿರಲಿಲ್ಲ, ಯಾರೂ ಅವನ್ನು ಹೊಡೆದಿರಲಿಲ್ಲ. ತಾಯಿಯ ಸಂಕಟವೊಂದೇ ತೀರ್ಪಿಗೆ ಸಾಕಾಯಿತು.

ಲೋಕ ನಿಧಾನವಾಗಿ ಈ ಕಡೆ ಬಂದಿದೆ. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಹಾಲ್ ಮಾರ್ಕೊವಿಟ್ಸ್ ಎಂಬವರು ಗಿಬ್ಬನ್ ವಾನರಗಳಿಗೆ ಆಹಾರವನ್ನು ತಟ್ಟೆಯಲ್ಲಿ ಸುರಿಯುವ ಬದಲು, ಅವು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜೋತಾಡಿ ಹೋಗಿ ಸಂಪಾದಿಸಿಕೊಳ್ಳುವ ಏರ್ಪಾಡು ಮಾಡಿದರು. ಪ್ರಯೋಗಾಲಯದ ಕಪಿಗಳ ಮಾನಸಿಕ ಸ್ವಾಸ್ಥ್ಯವನ್ನೂ ನೋಡಿಕೊಳ್ಳಬೇಕೆಂದು ಆ ದೇಶ 1985ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ನಮ್ಮಲ್ಲಿ ಮೃಗಾಲಯಗಳ ಮೇಲುಸ್ತುವಾರಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಆರಂಭವಾಯಿತು. ಇಂದು ತಜ್ಞರು ಎನ್‌ರಿಚ್‌ಮೆಂಟ್ ಎಂದು ಕರೆಯುವುದು ಇದನ್ನೇ. ವಾಸಸ್ಥಳದ ಸಮೃದ್ಧಿ ಎನ್ನಬಹುದು. ಕೇಳಲು ದೊಡ್ಡ ಮಾತು, ಮಾಡಲು ಸಣ್ಣ ಕೆಲಸ. ಬಿದಿರಿನ ಗಳುವಿಗೆ ತೂತು ಕೊರೆದು ಕಡಲೆ ತುಂಬುವುದು, ಒಣಹುಲ್ಲಿನಲ್ಲಿ ಕಾಳು ಚೆಲ್ಲಿ ಹುಡುಕಲು ಬಿಡುವುದು, ತೆಂಗಿನ ಚಿಪ್ಪಿನೊಳಗೆ ಹಣ್ಣಿನ ಚೂರು ಬಚ್ಚಿಡುವುದು, ಹತ್ತಲು ಹಗ್ಗ ಮತ್ತು ಕೊಂಬೆ, ಜನರ ಕಣ್ಣಿನಿಂದ ಮರೆಯಾಗಲು ಒಂದು ಮೂಲೆ. ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಜಾತಿಯ ಜೊತೆಗಾರ. ಹಗ್ಗ, ಬಿದಿರು ಎಷ್ಟಿದ್ದರೂ ಈ ಕೊನೆಯದಕ್ಕೆ ಬದಲಿಯಿಲ್ಲ.

ಇದನ್ನೆಲ್ಲ ಓದುವಾಗ ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್‌ರ ನೆನಪಾಗುತ್ತದೆ. ಹಿಜರಿ 660ರಲ್ಲಿ ನಿಧನರಾದ ಈ ಶಾಫಿಈ ವಿದ್ವಾಂಸರು ‘ಕವಾಯಿದುಲ್ ಅಹ್ಕಾಮ್’ ಎಂಬ ಕೃತಿಯಲ್ಲಿ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಬರೆದಿದ್ದಾರೆ. ಮುದಿಯಾಗಿ, ರೋಗ ತಗಲಿ ಪ್ರಯೋಜನಕ್ಕೆ ಬಾರದಿದ್ದರೂ ಅದಕ್ಕೆ ಖರ್ಚು ಮಾಡಬೇಕು, ಶಕ್ತಿಗೆ ಮೀರಿ ಹೊರಿಸಬಾರದು, ನೋವುಂಟುಮಾಡುವ ಪ್ರಾಣಿಯ ಜೊತೆ ಅದನ್ನು ಕೂಡಿಹಾಕಬಾರದು, ಮಲಗುವ ಮತ್ತು ನೀರು ಕುಡಿಯುವ ಜಾಗ ಹಿತವಾಗಿರಬೇಕು, ಬೆದೆಯ ಕಾಲದಲ್ಲಿ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಡಬೇಕು. ಸುಮಾರು ಏಳೂವರೆ ಶತಮಾನದ ಹಿಂದಿನ ಮಾತಿದು! ಹಕ್ಕು ಎಂಬ ಶಬ್ದವನ್ನೇ ಅವರು ಬಳಸಿದ್ದಾರೆ, ದಾನವೆಂದಲ್ಲ. ಪ್ರಾಣಿದಯೆಯನ್ನು ಬೇರೆಯವರಿಂದ ಕಲಿಯಬೇಕಾಗಿ ಬಂದಿದೆಯೆಂದರೆ ನಮ್ಮ ಕಪಾಟಿನ ಗ್ರಂಥಗಳ ಮೇಲೆ ಎಷ್ಟು ಧೂಳು ಕುಳಿತಿದೆಯೆಂದು ಊಹಿಸಿಕೊಳ್ಳಿ.

ಇನ್ನೊಂದು ಕಷ್ಟದ ವಿಷಯಕ್ಕೆ ಬರೋಣ. ಡಮರು ಬಾರಿಸಿ ಕೋತಿ ಆಡಿಸುವವನು, ಮೂಗಿಗೆ ಹಗ್ಗ ಪೋಣಿಸಿ ಕರಡಿ ಕುಣಿಸುವವನು ಅನೇಕ ಸಂದರ್ಭಗಳಲ್ಲಿ ನಮ್ಮ ಸಹೋದರನೇ. ಖಲಂದರರ ಕುಲಕಸುಬದು. ಕರಡಿಮರಿಯ ಮೂತಿಯನ್ನು ಕಾದ ಸೂಜಿಯಿಂದ ಚುಚ್ಚಿ ಹಗ್ಗ ತೂರಿಸುತ್ತಿದ್ದರು. ಕೋತಿಮರಿಯನ್ನು ಹಸಿವು ಮತ್ತು ಬೆತ್ತದಿಂದ ಪಳಗಿಸುತ್ತಿದ್ದರು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸಬಾರದೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ಸರಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್‌ನವರು ಸುಪ್ರೀಮ್ ಕೋರ್ಟಿನವರೆಗೂ ಹೋದರು. 2001ರಲ್ಲಿ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಬನ್ನೇರುಘಟ್ಟದಲ್ಲಿ 2005ರಲ್ಲಿ ಕರಡಿಗಳ ಪುನರ್ವಸತಿ ಕೇಂದ್ರ ಆರಂಭವಾಯಿತು. ‘ರಾಜು’ ಎಂಬ ಕರಡಿ 2009ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಸೇರಿದಾಗ ಅದನ್ನು ದೇಶದ ಕೊನೆಯ ಕುಣಿಯುವ ಕರಡಿಯೆಂದು ಪರಿಗಣಿಸಲಾಯಿತು. ಕರಡಿಯನ್ನು ಒಪ್ಪಿಸಿದ ಕುಟುಂಬಗಳಿಗೆ ಬೇರೆ ಕಸುಬಿಗಾಗಿ ವನ್ಯಜೀವಿ ಸಂಸ್ಥೆಯವರೇ ಬಂಡವಾಳ ಕೊಟ್ಟರು.

ಇಲ್ಲಿ ಒಂದು ಪ್ರಶ್ನೆ ನಮ್ಮ ಎದೆಗೆ ನಾಟಬೇಕು. ಆ ಬಡವನ ಕೈಯಿಂದ ಹಗ್ಗ ಬಿಡಿಸಿ ಬೇರೆ ಜೀವನೋಪಾಯ ಕೊಡುವ ಕೆಲಸ ಯಾರದಾಗಿತ್ತು? ಝಕಾತ್‌ನ ಹಕ್ಕುದಾರರಲ್ಲಿ ಮೊದಲ ಇಬ್ಬರು ಫಕೀರ ಮತ್ತು ಮಿಸ್ಕೀನ. ಕಸುಬು ಕಳಕೊಂಡವನು ಅವರ ಸಾಲಿನಲ್ಲೇ ನಿಲ್ಲುತ್ತಾನೆ. ರಮಝಾನಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆಲ್ಲ ಹತ್ತಿಪ್ಪತ್ತು ರೂಪಾಯಿ ಹಂಚಿ ಮುಗಿಸುವ ಬದಲು, ಒಂದು ಮೊಹಲ್ಲಾದವರು ಸೇರಿ ಇಂತಹ ಒಂದು ಮನೆಗೆ ಹೊಲಿಗೆ ಯಂತ್ರವನ್ನೋ ತಳ್ಳುಗಾಡಿಯನ್ನೋ ಕೊಡಿಸಿದರೆ ಒಂದು ಕುಟುಂಬವೂ ಒಂದು ಮೂಕಪ್ರಾಣಿಯೂ ಒಟ್ಟಿಗೆ ಬಿಡುಗಡೆ ಪಡೆಯುತ್ತವೆ. ಆಟ ನೋಡಿ ನಾಣ್ಯ ಎಸೆಯುವುದನ್ನು ಸಹಾಯವೆಂದು ಭಾವಿಸಬೇಡಿ. ಆ ನಾಣ್ಯದಿಂದ ಅವನ ಬಡತನ ಹೋಗುವುದಿಲ್ಲ, ಮುಂದಿನ ಮರಿಯನ್ನು ಹಿಡಿಯಲು ಧೈರ್ಯ ಬರುತ್ತದೆ ಅಷ್ಟೆ. ಅವನನ್ನು ಬೈದು ಕಳಿಸುವುದೂ ಸರಿಯಲ್ಲ. ತನ್ನ ಮಕ್ಕಳ ಹಸಿವಿನ ಮುಂದೆ ಕೋತಿಯ ಸಂಕಟ ಅವನಿಗೆ ಕಾಣದಿರಬಹುದು. ಹೊಟ್ಟೆ ತುಂಬಿದ ನಮಗೆ ಎರಡೂ ಕಾಣಬೇಕು.

ಮೈಸೂರಿನ ಮೃಗಾಲಯಕ್ಕೆ ನಮ್ಮ ಶಾಲೆಗಳ ಮಕ್ಕಳು ಪ್ರವಾಸ ಹೋಗುತ್ತಾರೆ. 1892ರಲ್ಲಿ ಸ್ಥಾಪನೆಯಾದ ಅಲ್ಲಿ ಪೋಲೋ ಎಂಬ ಗೊರಿಲ್ಲಾ ಇತ್ತು. ಡಬ್ಲಿನ್‌ನಿಂದ 1995ರಲ್ಲಿ ಬಂದ ಅದು ಬಹಳ ವರ್ಷ ಇಡೀ ದೇಶದ ಏಕೈಕ ಗೊರಿಲ್ಲಾ ಆಗಿ ಒಂಟಿಯಾಗಿ ಬಾಳಿ 2014ರಲ್ಲಿ ಸತ್ತಿತು. ಅದರ ಆರೈಕೆಗೆ ಕೊರತೆಯಿದ್ದುದರಿಂದಲ್ಲ, ಇಡೀ ದೇಶದಲ್ಲಿ ಅದರ ಭಾಷೆಯ ಇನ್ನೊಂದು ಜೀವಿ ಇಲ್ಲದ್ದರಿಂದ ಅದರ ನೆನಪು ಮನಸ್ಸನ್ನು ಕಲಕುತ್ತದೆ. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ತರಲಾಯಿತು. ನಿಮ್ಮ ಮಕ್ಕಳು ಅಲ್ಲಿಗೆ ಹೋಗುವಾಗ ಗಾಜು ಬಡಿಯಬಾರದು, ಕೂಗಬಾರದು, ಕಡಲೆಕಾಯಿ ಎಸೆಯಬಾರದೆಂದು ಹೇಳಿ ಕಳಿಸಿ. ಪ್ರಾಣಿ ಮೂಲೆಯಲ್ಲಿ ಮರೆಯಾಗಿ ಕುಳಿತರೆ ‘ಟಿಕೆಟಿನ ಹಣ ದಂಡ’ ಎನ್ನುವ ಬದಲು, ಮರೆಯಾಗಲು ಜಾಗ ಕೊಟ್ಟಿದ್ದಾರಲ್ಲ ಎಂದು ಸಂತೋಷಪಡುವುದನ್ನು ಕಲಿಸಿ. ದೇವರಾಯನದುರ್ಗದಲ್ಲೂ ಅಷ್ಟೆ. ಬಿಸ್ಕತ್ತು, ಕುರುಕುಲು ತಿಂಡಿ ಹಾಕಿದರೆ ಕೋತಿ ಕಾಡಿನ ದುಡಿಮೆಯನ್ನು ಬಿಟ್ಟು ರಸ್ತೆಬದಿಗೆ ಬಂದು ಚಕ್ರದಡಿ ಸಾಯುತ್ತದೆ. ಹಿಂದೆ ಹೇಳಿದ ತಬ್ಬಲಿ ಮರಿ ಹುಟ್ಟುವುದು ಅಲ್ಲಿಂದಲೇ.

ಸಾಕುವುದೇ ನಿಷಿದ್ಧವೇ ಎಂದು ಕೆಲವರು ಕೇಳಬಹುದು. ಹ. ಅನಸ್(ರ)ರ ತಮ್ಮನಾದ ಅಬೂ ಉಮೈರ್ ಎಂಬ ಬಾಲಕನ ಬಳಿ ಒಂದು ಪುಟ್ಟ ಹಕ್ಕಿಯಿತ್ತು. ಪ್ರವಾದಿವರ್ಯರು(ಸ) ಅದನ್ನು ತಿಳಿದೂ ಆಕ್ಷೇಪಿಸಲಿಲ್ಲ. ಆದುದರಿಂದ ಅನ್ನ ನೀರು ಕೊಟ್ಟು ನೋಯಿಸದೆ ಹಕ್ಕಿಯನ್ನು ಸಾಕಬಹುದೆಂದು ವಿದ್ವಾಂಸರು ಹೇಳಿದ್ದಾರೆ. ಹಸು, ಕುರಿ, ಕುದುರೆಗಳ ಮಾತಂತೂ ಇಲ್ಲವೇ ಇಲ್ಲ; ಟಿಪ್ಪು ಸುಲ್ತಾನರ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ನವರಿಗೆ ಕುದುರೆಗೆ ಓಡಲು ಬಯಲು ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯಲ್ಲಿ ಕೋತಿಯ ಹಕ್ಕನ್ನು ಸಲ್ಲಿಸಬಲ್ಲ ಮನುಷ್ಯನನ್ನು ನಾನು ಕಲ್ಪಿಸಿಕೊಳ್ಳಲಾರೆ. ಹಿಂಡನ್ನು ಎಲ್ಲಿಂದ ತರುತ್ತೀರಿ? ಸಲ್ಲಿಸಲಾಗದ ಹಕ್ಕನ್ನು ಮೈಮೇಲೆ ಎಳೆದುಕೊಳ್ಳುವುದು ಸತ್ಯವಿಶ್ವಾಸಿಯ ಲಕ್ಷಣವಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಕೋತಿಯನ್ನು ಹಿಡಿಯುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಅನ್ಸಾರಿಯೊಬ್ಬರ ತೋಟದಲ್ಲಿ ಕಣ್ಣೀರಿಟ್ಟ ಒಂಟೆಯ ಕಿವಿಯ ಹಿಂಬದಿಯನ್ನು ಸವರಿ ಸಮಾಧಾನಪಡಿಸಿದ ಪ್ರವಾದಿವರ್ಯರು(ಸ), ಅದರ ಒಡೆಯನನ್ನು ಕರೆಸಿ, ಅಲ್ಲಾಹನು ಕೈಗೊಪ್ಪಿಸಿದ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡುವುದಿಲ್ಲವೇ ಎಂದು ವಿಚಾರಿಸಿದರು. ಆ ಒಂಟೆಯ ದೂರನ್ನು ಕೇಳಲು ಪ್ರವಾದಿವರ್ಯರಿದ್ದರು(ಸ). ನಿಮ್ಮ ಹಿತ್ತಲಿನ ದೂರು ನೇರವಾಗಿ ಎಲ್ಲಿಗೆ ಹೋಗುತ್ತದೆಂದು ನೀವೇ ಬಲ್ಲಿರಿ.

ಈಗಾಗಲೇ ಮನೆಯಲ್ಲಿ ಕೋತಿ ಇರುವವರು ಏನು ಮಾಡಬೇಕು? ಮನಸ್ಸು ಕರಗಿತೆಂದು ಇಂದೇ ಆಟೋದಲ್ಲಿ ಒಯ್ದು ದೇವರಾಯನದುರ್ಗದಲ್ಲಿ ಇಳಿಸಿ ಬರಬೇಡಿ. ಅದು ಬಿಡುಗಡೆಯಲ್ಲ. ಅಲ್ಲಿನ ಹಿಂಡುಗಳು ಅಪರಿಚಿತನನ್ನು ಕಚ್ಚಿ ಓಡಿಸುತ್ತವೆ. ಆಹಾರ ಹುಡುಕಲು ಕಲಿಯದ ಅದು ಮತ್ತೆ ಮನುಷ್ಯರ ಬಳಿಗೇ ಬಂದು ಪೆಟ್ಟು ತಿನ್ನುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಇರುವುದನ್ನು ಇದ್ದಂತೆ ತಿಳಿಸಿ. ಸಾಕಿದ ಕೋತಿಯನ್ನು ಅದರಂಥವೇ ಬೇರೆ ಕೋತಿಗಳ ಜೊತೆ ನಿಧಾನವಾಗಿ ಕೂಡಿಸುವುದು ಅನುಭವಸ್ಥರ ಕೆಲಸ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅವರು ಬರುವವರೆಗಿನ ದಿನಗಳಲ್ಲಿ ಮೇಲೆ ಹೇಳಿದ ಬಿದಿರು, ಒಣಹುಲ್ಲಿನ ಉಪಾಯಗಳನ್ನು ಮಾಡಿ. ನೆರಳು ಮತ್ತು ನೀರು ಸದಾ ಇರಲಿ. ಸೊಂಟದ ಹಗ್ಗ ಚರ್ಮದೊಳಗೆ ಇಳಿದಿದ್ದರೆ ನೀವೇ ಕೀಳಬೇಡಿ, ಪಶುವೈದ್ಯರನ್ನು ಕರೆಯಿರಿ. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ. ಮನೆಯಲ್ಲಿ ಕ್ಷಯರೋಗಿಗಳಿದ್ದರೆ ಅದರ ಹತ್ತಿರ ಹೋಗದಿರಲಿ, ನಮ್ಮ ಕ್ಷಯ ಅದಕ್ಕೂ ತಗಲುತ್ತದೆ. ರಸ್ತೆಯಲ್ಲಿ ತಾಯಿ ಸತ್ತ ಮರಿ ಸಿಕ್ಕಿದರೆ, ಸ್ವಲ್ಪ ದೂರ ಸರಿದು ನಿಂತು ಹಿಂಡಿನ ಬೇರೆ ಹೆಣ್ಣು ಬಂದು ಎತ್ತಿಕೊಳ್ಳುವುದೇ ನೋಡಿ. ಬಾರದಿದ್ದರೆ ಹಳೆಯ ಕಂಬಳಿಯನ್ನು ಸುರುಳಿ ಸುತ್ತಿ ತಬ್ಬಿಕೊಳ್ಳಲು ಕೊಡಿ, ಬೆಚ್ಚಗಿಡಿ, ಅಂಗಾತ ಮಲಗಿಸಿ ಹಾಲು ಹೊಯ್ಯಬೇಡಿ, ಅದೇ ದಿನ ಇಲಾಖೆಗೆ ಒಪ್ಪಿಸಿ. ಮಕ್ಕಳು ಹೆಸರಿಡುವ ಮೊದಲೇ ಒಪ್ಪಿಸುವುದು ಒಳ್ಳೆಯದು.

ವರ್ಷಗಟ್ಟಲೆ ಸಾಕಿದ್ದಾದರೆ ಇಲಾಖೆಯ ಗಾಡಿ ಹೊರಡುವಾಗ ಮಕ್ಕಳು ಅಳುತ್ತಾರೆ. ಗದರಿಸಬೇಡಿ. ಅಬೂ ಉಮೈರ್‌ನ ಹಕ್ಕಿ ಸತ್ತು ಅವನು ಬಾಡಿದ ಮುಖದಲ್ಲಿ ಕುಳಿತಿದ್ದಾಗ ಪ್ರವಾದಿವರ್ಯರು(ಸ) ಆ ಮಗುವಿನ ಬಳಿ ಬಂದು ಹಕ್ಕಿಯ ಸಮಾಚಾರವನ್ನೇ ಪ್ರೀತಿಯಿಂದ ವಿಚಾರಿಸಿದರು. ಆ ಸಂಜೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಥೆಯನ್ನು ಹೇಳಿ. ಕೆಲವು ದಿನಗಳ ನಂತರ ಅವರ ಕೈಯಲ್ಲೇ ಇಲಾಖೆಗೆ ಫೋನ್ ಮಾಡಿಸಿ, ತಮ್ಮ ಕೋತಿಗೆ ಜೊತೆ ಸಿಕ್ಕಿತೇ ಎಂದು ಕೇಳಿಸಿ.